ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಲು ಕಲಿಯೋಣ



ಒಂದು ಸಂಜೆ ರಾಜಗೋಪಾಲನಗರದ ಯುವಕನೊಬ್ಬ ತನ್ನ ತಂದೆಯೊಂದಿಗೆ ನನ್ನನ್ನು ಕಾಣಲು ಬಂದಿದ್ದ. ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್. ತಾಯಿಗೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಮಗ ಬಿ.ಕಾಂ. ಮುಗಿಸಿ ಎರಡು ವರ್ಷಗಳಿಂದ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ. ಎರಡು ಸಲವೂ ಮೊದಲ ಮೆಟ್ಟಿಲಾದ ಪ್ರಿಲಿಮಿನರಿಯಲ್ಲೇ ನಿಂತುಹೋಗಿತ್ತು.

"ಫಾದರ್, ನಮ್ಮ ಕಂಪನಿಯ ಸ್ಟೋರ್ಸ್‌ಗೆ ಒಬ್ಬ ಹುಡುಗ ಬೇಕಂತೆ. ಇವನನ್ನು ಸೇರಿಸಿಬಿಡಲಾ, ಇನ್ನೊಂದು ವರ್ಷ ಓದಿಸಲಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದರು ತಂದೆ. ಮಗ ತಲೆ ತಗ್ಗಿಸಿ ಕುಳಿತಿದ್ದ.

ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವ ಧೈರ್ಯ ನನಗಿಲ್ಲ. "ಪ್ರಶ್ನೆಪತ್ರಿಕೆ ಇದೆಯಾ?" ಎಂದು ಕೇಳಿದೆ. ಚೀಲದಿಂದ ತೆಗೆದುಕೊಟ್ಟ. ಮೂವರೂ ಕುಳಿತು ಉತ್ತರಗಳನ್ನು ಹೊಂದಿಸಿ ನೋಡಿದೆವು.

ಈ ಪರೀಕ್ಷೆಯ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮಿನರಿಯಲ್ಲಿ ಎರಡು ಪತ್ರಿಕೆಗಳು. ಮೊದಲನೆಯದು ಸಾಮಾನ್ಯ ಜ್ಞಾನದ 100 ಪ್ರಶ್ನೆಗಳು. ಎರಡನೆಯದು ಓದಿ ಗ್ರಹಿಸುವುದು, ತರ್ಕ ಮತ್ತು ಅಂಕಗಣಿತದ 80 ಪ್ರಶ್ನೆಗಳು. ಇದನ್ನು ಸಿ-ಸ್ಯಾಟ್ ಎನ್ನುತ್ತಾರೆ. ಎರಡಕ್ಕೂ ತಲಾ 200 ಅಂಕ, ತಲಾ ಎರಡು ಗಂಟೆ. ಸಿ-ಸ್ಯಾಟ್ ಬಂದದ್ದು 2011ರಲ್ಲಿ. 2015ರಿಂದ ಅದರ ಅಂಕಗಳನ್ನು ಒಟ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಶೇಕಡಾ 33, ಅಂದರೆ 66 ಅಂಕ ಬರಲೇಬೇಕು. ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಬಂದರೂ ಪ್ರಯೋಜನವಿಲ್ಲ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ.

ಈಗ ಹುಡುಗನ ಲೆಕ್ಕ ನೋಡಿ. ಸಿ-ಸ್ಯಾಟ್‌ನಲ್ಲಿ ಅವನು ಚೆನ್ನಾಗಿ ತಿಳಿದು ಮಾಡಿದ್ದ ಪ್ರಶ್ನೆಗಳು 30. ಮೂವತ್ತೂ ಸರಿ. ಒಂದಕ್ಕೆ ಎರಡೂವರೆಯಂತೆ 75 ಅಂಕ. ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದರೆ ಪಾಸಾಗುತ್ತಿದ್ದ! ಕೊನೆಯ ಹತ್ತು ನಿಮಿಷದಲ್ಲಿ, ಖಾಲಿ ಬಿಡಬಾರದೆಂದು, ಉಳಿದ ಐವತ್ತಕ್ಕೂ ಕಣ್ಣುಮುಚ್ಚಿ ಗುರುತು ಹಾಕಿದ್ದ. ಅದರಲ್ಲಿ 9 ಸರಿ, 41 ತಪ್ಪು. ಸರಿಯಿಂದ ಬಂದದ್ದು 22.5. ತಪ್ಪಿನಿಂದ ಹೋದದ್ದು ಸುಮಾರು 34.17. ಎಪ್ಪತ್ತೈದು ಇದ್ದದ್ದು 63.33ಕ್ಕೆ ಇಳಿಯಿತು. ಮೂರು ಅಂಕವೂ ಇಲ್ಲದ ಅಂತರದಲ್ಲಿ ಒಂದು ವರ್ಷ ಹೋಯಿತು.

"ಶಾಲೆಯಲ್ಲಿ ಏನನ್ನಾದರೂ ಬರೆದು ಬನ್ನಿ ಅಂತಲೇ ಹೇಳಿಕೊಟ್ಟಿದ್ದಾರೆ ಫಾದರ್" ಎಂದ. ನಿಜ. ನಾವೆಲ್ಲರೂ ಮಕ್ಕಳಿಗೆ ಹಾಗೆಯೇ ಹೇಳಿದ್ದೇವೆ. ಹೀಗಾಗಿ 'ನನಗೆ ಗೊತ್ತಿಲ್ಲ' ಎಂದು ಒಪ್ಪಿಕೊಳ್ಳುವುದು ಅವರಿಗೆ ಸೋಲಿನಂತೆ ಕಾಣುತ್ತದೆ. ಈ ಪರೀಕ್ಷೆಯಲ್ಲಾದರೋ ಹಾಗೆ ಒಪ್ಪಿಕೊಳ್ಳುವುದಕ್ಕೆ ಬೆಲೆಯಿದೆ. ಆ ಬೆಲೆಯನ್ನು ಅಂಕಗಳಲ್ಲೇ ಎಣಿಸಬಹುದು.

ಎಣಿಸೋಣ. ಎರಡು ಅಂಕದ ಪ್ರಶ್ನೆ, ನಾಲ್ಕು ಉತ್ತರಗಳು. ಏನೂ ತಿಳಿಯದೆ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಎರಡು ಅಂಕ ಬಂತು, ಮೂರು ತಪ್ಪಿಗೆ ಎರಡು ಅಂಕ ಹೋಯಿತು. ಕೈಯಲ್ಲಿ ಸೊನ್ನೆ. ಅದೃಷ್ಟ ಕೆಟ್ಟರೆ ಸೊನ್ನೆಗಿಂತ ಕೆಳಗೆ. ಆದರೆ ನಾಲ್ಕರಲ್ಲಿ ಒಂದು ಉತ್ತರ ಖಂಡಿತ ತಪ್ಪು ಎಂದು ತಿಳಿದು ಅದನ್ನು ಹೊಡೆದುಹಾಕಿದರೆ ಮೂರರಲ್ಲಿ ಒಂದು ಸರಿ. ಅಂಥ ಮೂರು ಪ್ರಶ್ನೆಗಳಿಂದ ಸರಾಸರಿ 0.67 ಅಂಕ ಉಳಿಯುತ್ತದೆ. ಎರಡು ಉತ್ತರಗಳನ್ನು ಹೊಡೆದುಹಾಕಲು ಸಾಧ್ಯವಾದರೆ ಎರಡು ಪ್ರಶ್ನೆಗಳಿಂದಲೇ 1.33. ಆದ್ದರಿಂದ ಅರ್ಧ ತಿಳಿದವನು ಊಹಿಸಬಹುದು, ಏನೂ ತಿಳಿಯದವನು ಬಿಡಬೇಕು. ರಾಜ್ಯದ ಕೆ.ಎ.ಎಸ್. ಪ್ರಿಲಿಮಿನರಿಯಲ್ಲಿ ಕಳೆಯುವುದು ಕಾಲು ಭಾಗ. ಅಲ್ಲಿನ ಲೆಕ್ಕ ತುಸು ಬೇರೆ. ಯಾವ ಪರೀಕ್ಷೆಯೇ ಇರಲಿ, ಪತ್ರಿಕೆಯ ಮುಖಪುಟದ ಸೂಚನೆಗಳನ್ನು ಓದದೆ ಒಳಪುಟ ತೆರೆಯಬೇಡಿ.

ತರ್ಕದ ವಿಷಯಕ್ಕೆ ಬರುತ್ತೇನೆ. ಗುರುಮಠದಲ್ಲಿ ತತ್ತ್ವಶಾಸ್ತ್ರದ ಮೊದಲ ವರ್ಷ ನಮಗೆ ಅರಿಸ್ಟಾಟಲನ ತರ್ಕ ಕಲಿಸುತ್ತಿದ್ದರು. 'ಬಾರ್ಬರಾ', 'ಸೆಲಾರೆಂಟ್' ಎಂದು ಲ್ಯಾಟಿನ್ ಹೆಸರುಗಳನ್ನು ಉರುಹೊಡೆಯುವಾಗ ಇದರಿಂದ ಯಾರಿಗೇನು ಉಪಯೋಗವೆಂದು ಗೊಣಗುತ್ತಿದ್ದೆವು. ನಮ್ಮ ನ್ಯಾಯದರ್ಶನದ 'ಬೆಟ್ಟದಲ್ಲಿ ಹೊಗೆಯಿದೆ, ಆದುದರಿಂದ ಬೆಂಕಿಯಿದೆ' ಎಂಬ ಪಾಠವೂ ಇತ್ತು. ಇಂದು ಅದೇ ಅರಿಸ್ಟಾಟಲ್ ಸರ್ಕಾರಿ ನೌಕರಿಯ ಬಾಗಿಲಲ್ಲಿ ನಿಂತಿದ್ದಾನೆ! ಈ ಪ್ರಶ್ನೆ ನೋಡಿ:

ಎಲ್ಲಾ ಲೇತ್‌ಗಳು ಯಂತ್ರಗಳು. ಕೆಲವು ಯಂತ್ರಗಳು ಹಳೆಯವು. ಆದುದರಿಂದ ಕೆಲವು ಲೇತ್‌ಗಳು ಹಳೆಯವು. ಸರಿಯೋ ತಪ್ಪೋ?

ಹುಡುಗ ಸರಿ ಎಂದ. ಅವನ ತಂದೆಯೂ ಸರಿ ಎಂದರು, ಏಕೆಂದರೆ ಪೀಣ್ಯದಲ್ಲಿ ಹಳೆಯ ಲೇತ್‌ಗಳನ್ನು ಅವರು ದಿನವೂ ಕಾಣುತ್ತಾರೆ. ಆದರೆ ಪ್ರಶ್ನೆ ಕೇಳುವುದು ನಾವು ಕಂಡದ್ದನ್ನಲ್ಲ. ಕೊಟ್ಟಿರುವ ಎರಡು ಹೇಳಿಕೆಗಳಿಂದ ಮೂರನೆಯದು ಹುಟ್ಟುತ್ತದೆಯೇ ಎಂಬುದನ್ನು ಮಾತ್ರ ಕೇಳುತ್ತದೆ. ಅದೇ ಅಚ್ಚಿನಲ್ಲಿ ಬೇರೆ ಪದ ಹಾಕಿ ನೋಡಿ: ಎಲ್ಲಾ ಹಸುಗಳು ಪ್ರಾಣಿಗಳು. ಕೆಲವು ಪ್ರಾಣಿಗಳು ಹುಲಿಗಳು. ಆದುದರಿಂದ ಕೆಲವು ಹಸುಗಳು ಹುಲಿಗಳು! ತಂದೆ ನಕ್ಕುಬಿಟ್ಟರು. ಅಚ್ಚು ಕೆಟ್ಟಿದ್ದರೆ ಅದರಲ್ಲಿ ಎರಕ ಹೊಯ್ದದ್ದನ್ನು ನಂಬುವಂತಿಲ್ಲ ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಸಂಶಯ ಬಂದಾಗಲೆಲ್ಲಾ ಹೀಗೆ ಹಸು-ಹುಲಿ ಹಾಕಿ ನೋಡಿ, ಇಲ್ಲವೇ ಮೂರು ವೃತ್ತ ಬರೆಯಿರಿ. ಲೇತ್‌ನ ಚಿಕ್ಕ ವೃತ್ತ ಯಂತ್ರದ ದೊಡ್ಡ ವೃತ್ತದೊಳಗಿದೆ. 'ಹಳೆಯದು' ಎಂಬ ವೃತ್ತ ದೊಡ್ಡದನ್ನು ಮುಟ್ಟಿಯೂ ಚಿಕ್ಕದನ್ನು ಮುಟ್ಟದೆ ಇರಬಹುದು.

ಅಂಕಗಣಿತದಲ್ಲಿ ಕೇಳುವುದು ಹೆಚ್ಚೆಂದರೆ ಹತ್ತನೇ ತರಗತಿಯ ಮಟ್ಟದ ಲೆಕ್ಕ. ಆದರೂ ಪದವೀಧರರು ಎಡವುತ್ತಾರೆ. ಸಿ-ಸ್ಯಾಟ್‌ನಲ್ಲಿ ಪ್ರಶ್ನೆಯೊಂದಕ್ಕೆ ಸಿಗುವುದು ಒಂದೂವರೆ ನಿಮಿಷ. ಕ್ಯಾಲ್ಕುಲೇಟರಿಗೆ ಒಗ್ಗಿದ ಕೈ ಅಷ್ಟರಲ್ಲಿ ಓಡುವುದಿಲ್ಲ. ಇಪ್ಪತ್ತರವರೆಗೆ ಮಗ್ಗಿ, ಮೂವತ್ತರವರೆಗೆ ವರ್ಗ, ಎಂಟನೇ ಒಂದು ಭಾಗ ಎಂದರೆ ಶೇಕಡಾ 12.5 ಎಂಬಂಥವು ನಾಲಿಗೆಯ ತುದಿಯಲ್ಲಿರಲಿ. ಒಂದು ಕೆಲಸವನ್ನು ಒಬ್ಬಳು 12 ದಿನದಲ್ಲಿ, ಇನ್ನೊಬ್ಬಳು 18 ದಿನದಲ್ಲಿ ಮುಗಿಸುತ್ತಾಳೆ. ಇಬ್ಬರೂ ಸೇರಿದರೆ? ಭಿನ್ನರಾಶಿಗೆ ಹೆದರುವವರು ಇಡೀ ಕೆಲಸವನ್ನು 36 ಅಂಗಿ ಎಂದುಕೊಳ್ಳಿ. 12 ಮತ್ತು 18 ಎರಡರಿಂದಲೂ ಭಾಗವಾಗುವ ಚಿಕ್ಕ ಸಂಖ್ಯೆ ಅದು. ಮೊದಲನೆಯವಳು ದಿನಕ್ಕೆ 3, ಎರಡನೆಯವಳು 2, ಸೇರಿ 5. ಹಾಗಾದರೆ 36 ಅಂಗಿಗೆ 7.2 ದಿನ.

ಸರಾಸರಿ ವೇಗದ ಪ್ರಶ್ನೆಯಲ್ಲಿ ಬಹಳ ಜನ ಬೀಳುತ್ತಾರೆ. ಹತ್ತು ಕಿಲೋಮೀಟರ್ ದೂರವನ್ನು ಹೋಗುವಾಗ ಗಂಟೆಗೆ 20, ಬರುವಾಗ 30 ಕಿಲೋಮೀಟರ್ ವೇಗದಲ್ಲಿ ಕ್ರಮಿಸಿದರೆ ಸರಾಸರಿ 25 ಅಲ್ಲ. ಹೋಗಲು 30 ನಿಮಿಷ, ಬರಲು 20 ನಿಮಿಷ. 20 ಕಿಲೋಮೀಟರಿಗೆ 50 ನಿಮಿಷ ಎಂದರೆ ಗಂಟೆಗೆ 24. ನಿಧಾನವಾಗಿ ಹೋದ ಹೊತ್ತು ಹೆಚ್ಚು, ಅದಕ್ಕೇ.

ಸಾಮಾನ್ಯ ಜ್ಞಾನವನ್ನು ಬಿಡಿ ಬಿಡಿಯಾಗಿ ಬಾಯಿಪಾಠ ಮಾಡುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಒಂದಕ್ಕೊಂದು ಪೋಣಿಸಿದರೆ ನಿಲ್ಲುತ್ತದೆ. ಕೆಲಸ ಹುಡುಕಿಕೊಂಡು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಪೀಣ್ಯದ ಕಡೆಗೆ ಬಂದವರು ಅನೇಕರು. ಅವರ ಊರಿನ ಕಥೆಯನ್ನೇ ತೆಗೆದುಕೊಳ್ಳಿ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ಭಾಗ ಹಿಂದುಳಿದಿದ್ದ ಕಾರಣ 2012ರ 98ನೇ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಗೆ ದಾರಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಒಂದೇ ದಾರದಲ್ಲಿ ಆರು ಪ್ರಶ್ನೆಗಳ ಉತ್ತರವಿದೆ.

ಇನ್ನೊಂದು ದಾರ ನಮಗೆಲ್ಲ ಸಂಬಂಧಿಸಿದ್ದು. ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿವೆ ಎಂಬ ದೂರು ಮೈಸೂರು ಸಂಸ್ಥಾನದಲ್ಲಿ ಎದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ, ಹಾವನೂರು ಆಯೋಗ ಬಂತು. ಅದರ ವರದಿ 1975ರದು. ಪರೀಕ್ಷೆಗೆ ಇದನ್ನು ಓದುವ ನಮ್ಮ ಮಕ್ಕಳಲ್ಲಿ ಕೆಲವರಿಗೆ ತಮ್ಮ ಮನೆಯ ದಾಖಲೆಯೇ ಸರಿಯಿರುವುದಿಲ್ಲ. ರಾಜ್ಯದ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1. ಅರ್ಜಿಯ ಕೊನೆಯ ದಿನ ನಾಡಕಚೇರಿಗೆ ಓಡಬೇಡಿ.

ಭಾಷೆಯ ಬಗ್ಗೆಯೂ ಹೇಳಬೇಕು. ಕೇಂದ್ರದ ಪ್ರಿಲಿಮಿನರಿ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ರಾಜ್ಯದ ಪತ್ರಿಕೆ ಎರಡೂ ಭಾಷೆಯಲ್ಲಿರುತ್ತದೆ. 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಕೆ.ಎ.ಎಸ್. ಪ್ರಿಲಿಮಿನರಿಯಲ್ಲಿ ಕನ್ನಡ ಅನುವಾದ ಕೆಟ್ಟು ಅಭ್ಯರ್ಥಿಗಳು ಪ್ರತಿಭಟಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಎಡವುವ ಪಾಡು ಬಂದದ್ದು ನೋವಿನ ಸಂಗತಿ. ಆದರೂ ಕನ್ನಡ ವಾಕ್ಯ ವಿಚಿತ್ರವಾಗಿ ಕಂಡರೆ ಪಕ್ಕದ ಇಂಗ್ಲಿಷನ್ನು ಓದುವಷ್ಟು ಅಭ್ಯಾಸ ಇಟ್ಟುಕೊಳ್ಳಿ.

ಹುಡುಗನಿಗೆ ನಾನು ಸೂಚಿಸಿದ ಅಭ್ಯಾಸ ಇಷ್ಟೇ. ಎರಡೂ ಆಯೋಗಗಳ ಹಳೆಯ ಪತ್ರಿಕೆಗಳು ಅವುಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಾರಕ್ಕೊಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಮುಖ್ಯವಾದ ಕೆಲಸ ಮರುದಿನದ್ದು. ತಪ್ಪಿದ ಪ್ರತಿಯೊಂದು ಪ್ರಶ್ನೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ತಿಳಿಯದೆ ತಪ್ಪಿದ್ದೋ, ತಿಳಿದೂ ಅವಸರದಲ್ಲಿ ತಪ್ಪಿದ್ದೋ, ಊಹಿಸಿ ತಪ್ಪಿದ್ದೋ ಎಂದು ಗುರುತಿಸಬೇಕು. ಮೊದಲನೆಯದಕ್ಕೆ ಪುಸ್ತಕ ಬೇಕು, ಎರಡನೆಯದಕ್ಕೆ ಅಭ್ಯಾಸ ಬೇಕು, ಮೂರನೆಯದಕ್ಕೆ ಸಂಯಮ ಬೇಕು. ಆತ್ಮಶೋಧನೆ ನಮಗೆ ಹೊಸದೇನಲ್ಲವಲ್ಲ! ಒಂದು ತಿಂಗಳ ನಂತರ ಅವನು ತಂದು ತೋರಿಸಿದಾಗ ಎರಡನೆಯ ಬಗೆಯ ತಪ್ಪುಗಳೇ ಅರ್ಧಕ್ಕಿಂತ ಹೆಚ್ಚಿದ್ದವು. ಇನ್ನಷ್ಟು ಪುಸ್ತಕ ಕೊಳ್ಳಲು ಅವನು ಹೊರಟಿದ್ದ. ಬೇಡವೆಂದೆ.

ತಂದೆಯ ಪ್ರಶ್ನೆಗೆ ಉತ್ತರ ಅಂದೇ ಸಿಕ್ಕಿತೆಂದು ಹೇಳಲಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭುವೇ ಹೇಳಿದ್ದಾರೆ. ನಾವೂ ಹಾಕಿದೆವು: ಬಾಡಿಗೆ, ತಂಗಿಯ ಕಾಲೇಜು ಶುಲ್ಕ, ತಾಯಿಯ ಬೆನ್ನುನೋವು. ಸಾಮಾನ್ಯ ವರ್ಗದವರಿಗೆ ಕೇಂದ್ರದ ಪರೀಕ್ಷೆಗೆ ಆರೇ ಅವಕಾಶ ಎಂಬುದನ್ನೂ ನೆನೆದೆವು. ಇದೇ ತರ್ಕ, ಇದೇ ಅಂಕಗಣಿತ ಎಫ್.ಡಿ.ಎ., ಎಸ್.ಡಿ.ಎ., ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗಳಿಗೂ ಬರುತ್ತದೆ. ಕೊನೆಗೆ ಹುಡುಗನೇ, "ಸ್ಟೋರ್ಸ್‌ಗೆ ಸೇರ್ತೀನಿ ಅಪ್ಪಾ. ಸಂಜೆ ಏಳರಿಂದ ಒಂಬತ್ತೂವರೆ ಓದ್ತೀನಿ. ಟಿ.ವಿ. ಮಾತ್ರ ಹಾಕಬೇಡಿ" ಎಂದ.

ಹೊರಡುವ ಮುನ್ನ ಪತ್ರಿಕೆಯಿಂದ ಕೊನೆಯ ಲೆಕ್ಕವೆಂದು ನಾನೇ ಒಂದನ್ನು ಓದಿದೆ. 40 ಹಲ್ಲಿನ ಗಿಯರ್ ನಿಮಿಷಕ್ಕೆ 120 ಸುತ್ತು ತಿರುಗುತ್ತಾ 60 ಹಲ್ಲಿನ ಗಿಯರನ್ನು ತಿರುಗಿಸಿದರೆ ಎರಡನೆಯದರ ವೇಗವೆಷ್ಟು? ಮಗ ಪೆನ್ನು ತೆಗೆದು ಬರೆಯತೊಡಗಿದ.

"ಎಂಬತ್ತು" ಎಂದರು ತಂದೆ, ಚಪ್ಪಲಿ ಹಾಕಿಕೊಳ್ಳುತ್ತಲೇ. ಮಗ ತಲೆಯೆತ್ತಿ ನೋಡಿದ. "ಥ್ರೆಡ್ ಹಾಕುವಾಗ ದಿನಾ ಗಿಯರ್ ಬದಲಾಯಿಸ್ತೀವಲ್ಲೋ" ಎಂದರು ಅವರು.

ಈಗ ಆ ಮನೆಯಲ್ಲಿ ಅನುಪಾತದ ಲೆಕ್ಕಗಳನ್ನು ತಂದೆಯೇ ಕೇಳುತ್ತಾರಂತೆ.