ಬಿರುಗಾಳಿಯಲ್ಲಿ ಬಿಲ್ಲಿ: ಒಂದು ಪ್ರಕರಣದ ಅಭ್ಯಾಸ

ಕಥೆ ಓದುವಾಗ ಮುಂದೇನಾಯಿತೆಂಬ ಕುತೂಹಲದಲ್ಲಿ ಪಾತ್ರಗಳ ನಿರ್ಧಾರಗಳನ್ನು ತೂಗಿ ನೋಡಲು ನಾವು ಮರೆಯುತ್ತೇವೆ. ಈ ಸಲ ಅಂಥದೊಂದು ನಿರ್ಧಾರವನ್ನು ಅಭ್ಯಾಸಕ್ಕೆ ಆರಿಸಿಕೊಂಡಿದ್ದೇವೆ. ಅದು ಅಮೆರಿಕದ ವಿಲ್ಸನ್ ರಾಲ್ಸ್ (1913–1984) ಬರೆದ, 1961ರಲ್ಲಿ ಪ್ರಕಟವಾದ ‘ವೇರ್ ದಿ ರೆಡ್ ಫರ್ನ್ ಗ್ರೋಸ್’ ಕಾದಂಬರಿಯಲ್ಲಿದೆ. ಮದುವೆಗೆ ಮುನ್ನ ತನ್ನ ಹಸ್ತಪ್ರತಿಗಳನ್ನು ಸುಟ್ಟುಹಾಕಿದ್ದ ಈತ, ಹೆಂಡತಿಯ ಒತ್ತಾಯದಿಂದ ಇದನ್ನು ಮತ್ತೆ ಬರೆದನು.

ಕಥೆ ನಡೆಯುವುದು ಓಕ್ಲಹೋಮ ರಾಜ್ಯದ ಓಜಾರ್ಕ್ ಬೆಟ್ಟಸೀಮೆಯಲ್ಲಿ. ಬಡ ರೈತನ ಮಗ ಬಿಲ್ಲಿ ಎರಡು ವರ್ಷ ಕಾಸಿಗೆ ಕಾಸು ಕೂಡಿಸಿ, 50 ಡಾಲರು ಗಳಿಸಿ, ಎರಡು ಬೇಟೆನಾಯಿ ಮರಿಗಳನ್ನು ತರಿಸುತ್ತಾನೆ. ಗಂಡು ಓಲ್ಡ್ ಡ್ಯಾನ್ ಬಲಶಾಲಿ. ಹೆಣ್ಣು ಲಿಟ್ಲ್ ಆ್ಯನ್ ಜಾಣೆ. ಇವುಗಳ ಬೇಟೆ ರಕೂನ್, ಎಂದರೆ ಬಾಲದಲ್ಲಿ ಪಟ್ಟೆಗಳುಳ್ಳ, ರಾತ್ರಿ ಸಂಚರಿಸುವ ಒಂದು ಪ್ರಾಣಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಮುಧೋಳದ ನಾಯಿ ಕಣ್ಣನ್ನು ನಂಬಿ ಬೇಟೆಯಾಡಿದರೆ, ಬಿಲ್ಲಿಯ ನಾಯಿಗಳು ಮೂಗನ್ನು ನಂಬುತ್ತವೆ. ಕತ್ತಲೆಯಲ್ಲಿ ವಾಸನೆ ಹಿಡಿದು ಬಹುದೂರ ಓಡಿ, ಪ್ರಾಣಿಯನ್ನು ಮರ ಹತ್ತಿಸಿ, ಬುಡದಲ್ಲಿ ನಿಂತು ಬೊಗಳುತ್ತವೆ. ಬೇಟೆಗಾರ ಆ ದನಿಯ ಜಾಡು ಹಿಡಿದು ಬರುತ್ತಾನೆ. ಕತ್ತಲಲ್ಲಿ ಒಡೆಯನಿಗೂ ನಾಯಿಗೂ ನಡುವಿನ ಸೂತ್ರ ಆ ದನಿಯೊಂದೇ.

ಬಿರುಗಾಳಿ ಕಡಿಯುವುದು ಈ ಸೂತ್ರವನ್ನೇ. ಬೇಟೆಯ ಪಂದ್ಯದ ರಾತ್ರಿ ಬಿಲ್ಲಿ, ತಂದೆ, ತಾತ ಮತ್ತು ತೀರ್ಪುಗಾರ ಕಾಡಿನಲ್ಲಿದ್ದಾಗ ಹಿಮದ ಹರಳು ಬೆರೆತ ಗಾಳಿ ಬೀಸುತ್ತದೆ. ನಾಯಿಗಳ ಕೂಗು ಕೇಳದಾಗುತ್ತದೆ. ಹಿಂದಿರುಗುವುದೇ ಲೇಸೆಂಬ ಮಾತು ಹಿರಿಯರಲ್ಲಿ ಬಂದರೂ ಹುಡುಗ ಒಪ್ಪುವುದಿಲ್ಲ. ತಂದೆ ಬಂದೂಕು ಹಾರಿಸಲು, ಸದ್ದು ಕೇಳಿ ಲಿಟ್ಲ್ ಆ್ಯನ್ ಬಂದು ಡ್ಯಾನ್ ಇರುವಲ್ಲಿಗೆ ದಾರಿ ತೋರಿಸುತ್ತದೆ. ಅಷ್ಟರಲ್ಲಿ ತಾತನೇ ಇಲ್ಲ! ಕಾಲು ಉಳುಕಿ ಹಿಂದೆಲ್ಲೋ ಬಿದ್ದಿದ್ದ ಆ ಮುದುಕ ಮತ್ತೆ ಸಿಕ್ಕುವುದು ನಾಯಿಗಳ ನೆರವಿನಿಂದಲೇ.

ಬಿಲ್ಲಿ ಮಾಡಿದ್ದು ಸರಿಯೇ? ಮೊದಲ ಬೇಟೆಯಲ್ಲಿ ನಾಯಿಗಳಿಗೆ ಕೊಟ್ಟ ಮಾತಿಗಾಗಿ ದೈತ್ಯಮರವೊಂದನ್ನು ದಿನಗಟ್ಟಲೆ ಕಡಿದ ಹುಡುಗನಿವನು. ಕೈಬಿಡುವುದು ಇವನ ಸ್ವಭಾವದಲ್ಲೇ ಇಲ್ಲ. ನಾಯಿಗಳೂ ಹಾಗೆಯೇ. ಮರುದಿನ ಸಿಕ್ಕಾಗ ಮೈಯೆಲ್ಲ ಹಿಮಗಟ್ಟಿದ್ದರೂ ಇನ್ನೊಂದು ಮರವನ್ನು ಅವು ಸುತ್ತುತ್ತಲೇ ಇರುತ್ತವೆ. ಆ ನಡಿಗೆಯೇ ಮೈಯ ಬಿಸಿಯನ್ನು ಕಾದು ಅವುಗಳ ಜೀವ ಉಳಿಸಿದ್ದು. ಆದರೆ ಈ ನಿಷ್ಠೆಯ ಬೆಲೆಯಾಗಿ ತಾತನ ಪ್ರಾಣವೇ ಹೋಗಬಹುದಾಗಿತ್ತೆಂಬುದನ್ನು ರಾಲ್ಸ್ ಮರೆಮಾಚಿಲ್ಲ. ಪ್ರಕರಣದ ಹಿರಿಮೆ ಇರುವುದು ಅಲ್ಲಿಯೇ.

ನಮಗೆ ತೋರುವುದಿಷ್ಟು: ಹುಡುಗ ಮುಂದೆ ಹೋದದ್ದು ತಪ್ಪಲ್ಲ, ಹಿಂದೆ ಬರುವವರನ್ನು ಯಾರೂ ಎಣಿಸದೇ ಹೋದದ್ದು ತಪ್ಪು. ಪ್ರೀತಿ ಮುಂದೆ ನೋಡುತ್ತದೆ. ವಿವೇಕ ಹಿಂದಿರುಗಿಯೂ ನೋಡಬೇಕು.

ವಾಚಕರು ಯೋಚಿಸಲು: ತಂದೆಯ ಸ್ಥಾನದಲ್ಲಿ ನೀವಿದ್ದರೆ ಆ ರಾತ್ರಿ ಏನು ಹೇಳುತ್ತಿದ್ದಿರಿ? ತಾತ ಸಿಕ್ಕದೇ ಹೋಗಿದ್ದರೆ ಬಿಲ್ಲಿಯನ್ನು ಧೀರನೆಂದು ಕರೆಯುತ್ತಿದ್ದೆವೇ?