ಇಪ್ಪತ್ತು ಮಕ್ಕಳ ಪ್ರೌಢಶಾಲೆಯನ್ನು ಅಳೆಯುವುದು ಹೇಗೆ?

ಶಾಲಾ ಅನುಭವ ಕಾರ್ಯಕ್ರಮಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಅಭ್ಯಾಸ ಪಾಠ

ಪೀಠಿಕೆ

ಇಂಟರ್ನ್‌ಶಿಪ್ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳ ವರದಿಯಲ್ಲಿ ‘ಶಾಲೆಯ ಗುಣಮಟ್ಟ’ ಎಂಬ ಶೀರ್ಷಿಕೆಯ ಕೆಳಗೆ ಸಾಮಾನ್ಯವಾಗಿ ಎರಡೇ ಸಾಲು ಇರುತ್ತದೆ. ಕಳೆದ ಸಾಲಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ ಇಷ್ಟು, ಮೂಲಸೌಕರ್ಯ ಸಮಾಧಾನಕರ. ದೊಡ್ಡ ಊರಿನ ದೊಡ್ಡ ಶಾಲೆಗೆ ಈ ಎರಡು ಸಾಲು ಅಷ್ಟಿಷ್ಟು ಹೊಂದೀತು. ಹೆಗ್ಗೋಡು, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹತ್ತನೆಯ ತರಗತಿಯಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆಗೆ ಹೋದಾಗ ಇದು ದಾರಿ ತಪ್ಪಿಸುತ್ತದೆ.

ದಾರಿ ತಪ್ಪಿದರೆ ನಷ್ಟ ಯಾರಿಗೆ? ಫಲಿತಾಂಶ ಇಳಿದ ವರ್ಷ ಮುಖ್ಯ ಶಿಕ್ಷಕರು ಸಭೆಯಲ್ಲಿ ಎದ್ದುನಿಂತು ಕಾರಣ ಹೇಳಬೇಕು. ಊರಿನಲ್ಲಿ ಮಾತು ಹಬ್ಬುತ್ತದೆ. ಹೆಗ್ಗೋಡಿನಿಂದ ಸಾಗರ ಪೇಟೆ ಎಂಟು-ಹತ್ತು ಕಿಲೋಮೀಟರ್. ಅನುಕೂಲ ಇದ್ದವರು ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ. ಎಂಟನೆಯ ತರಗತಿಗೆ ಮೂರು ಮಕ್ಕಳು ಕಡಿಮೆ ಬಂದರೂ ಸಣ್ಣ ಶಾಲೆಗೆ ಅದು ದೊಡ್ಡ ಪೆಟ್ಟು. ಮುಂದೆ ‘ಇಷ್ಟು ಕಡಿಮೆ ಮಕ್ಕಳಿಗೆ ಒಂದು ಶಾಲೆ ಬೇಕೇ’ ಎಂಬ ಪ್ರಶ್ನೆ ಏಳುತ್ತದೆ. ಪೇಟೆಗೆ ಹೋಗಲಾಗದ ಮಗು, ಅದರಲ್ಲೂ ಕಾಡುದಾರಿಯಲ್ಲಿ ನಡೆದು ಬರುವ ಹೆಣ್ಣುಮಗು, ಆಗ ಓದು ಬಿಡುತ್ತದೆ. ಹಾಗಾಗಿ ತೀರ್ಪು ಬರೆಯುವ ಮೊದಲು ಅಳತೆಗೋಲನ್ನೇ ಪರೀಕ್ಷಿಸಬೇಕು.

1. ಶೇಕಡಾವಾರು ಏಕೆ ಕುಣಿಯುತ್ತದೆ?

ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ. 5. ಪರೀಕ್ಷೆಯ ವಾರ ಒಬ್ಬನಿಗೆ ಜ್ವರ ಬಂತು, ಇನ್ನೊಬ್ಬಳ ಮನೆಯಲ್ಲಿ ಸಾವಾಯಿತು ಎಂದಿಟ್ಟುಕೊಳ್ಳಿ; ಫಲಿತಾಂಶ ಹತ್ತು ಅಂಶ ಇಳಿಯುತ್ತದೆ. ಪಾಠ ಮಾಡಿದ ರೀತಿಯಲ್ಲಿ ಏನೂ ಬದಲಾಗಿರುವುದಿಲ್ಲ.

ಇದನ್ನು ಲೆಕ್ಕದಿಂದಲೇ ನೋಡಬಹುದು. ಎರಡು ಶಾಲೆಗಳನ್ನು ಊಹಿಸಿಕೊಳ್ಳಿ. ಎರಡರ ಬೋಧನೆಯೂ ಒಂದೇ ಮಟ್ಟದ್ದು: ದೀರ್ಘಕಾಲದ ಸರಾಸರಿಯಲ್ಲಿ ನೂರಕ್ಕೆ ಎಂಬತ್ತು ಮಕ್ಕಳು ತೇರ್ಗಡೆಯಾಗುತ್ತಾರೆ. ‘ಅ’ ಶಾಲೆಯಲ್ಲಿ ಹತ್ತನೆಯ ತರಗತಿಗೆ 20 ಮಕ್ಕಳು, ‘ಆ’ ಶಾಲೆಯಲ್ಲಿ 200. ಮಾನಕ ವಿಚಲನೆ ತಿಳಿಯಲು ತೇರ್ಗಡೆಯ ಶೇಕಡಾವನ್ನು ಅನುತ್ತೀರ್ಣದ ಶೇಕಡಾದಿಂದ ಗುಣಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ.

‘ಅ’ ಶಾಲೆ: 80 × 20 = 1600; 1600 ÷ 20 = 80; ವರ್ಗಮೂಲ ಸುಮಾರು 9.

‘ಆ’ ಶಾಲೆ: 1600 ÷ 200 = 8; ವರ್ಗಮೂಲ ಸುಮಾರು 3.

ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಎರಡು ವರ್ಷ ‘ಆ’ ಶಾಲೆಯ ಫಲಿತಾಂಶ 77ರಿಂದ 83ರೊಳಗೆ ಇರುತ್ತದೆ. ‘ಅ’ ಶಾಲೆಯದು 71ರಿಂದ 89ರವರೆಗೆ ಓಲಾಡುತ್ತದೆ. ಉಳಿದ ವರ್ಷಗಳಲ್ಲಿ ಅದನ್ನೂ ದಾಟುತ್ತದೆ. ಒಂದು ವರ್ಷ 90 ಬಂದಾಗ ಹಾರ ಹಾಕುವುದೂ ಮರುವರ್ಷ 70 ಬಂದಾಗ ನೋಟಿಸು ಕೊಡುವುದೂ ಒಂದೇ ತಪ್ಪಿನ ಎರಡು ಮುಖ.

ಈ ತಪ್ಪು ದೊಡ್ಡವರಿಂದಲೂ ಆಗಿದೆ. ಅಮೆರಿಕದಲ್ಲಿ 2000ದ ನಂತರದ ವರ್ಷಗಳಲ್ಲಿ ಗೇಟ್ಸ್ ಪ್ರತಿಷ್ಠಾನ ದೊಡ್ಡ ಪ್ರೌಢಶಾಲೆಗಳನ್ನು ಸಣ್ಣದಾಗಿ ಒಡೆಯಲು ಅಪಾರ ಹಣ ಹಾಕಿತು. ಉತ್ತಮ ಫಲಿತಾಂಶದ ಪಟ್ಟಿಗಳ ತುದಿಯಲ್ಲಿ ಸಣ್ಣ ಶಾಲೆಗಳು ಹೆಚ್ಚಾಗಿ ಕಾಣುತ್ತಿದ್ದುದು ಅಂಥ ಶಾಲೆಗಳ ಪರವಾದ ವಾದಗಳಲ್ಲಿ ಒಂದಾಗಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಅಂಕಿಗಳನ್ನು ಹಾವರ್ಡ್ ವೇಯ್ನರ್ ಮತ್ತು ಹ್ಯಾರಿಸ್ ಝ್ವೆರ್ಲಿಂಗ್ ಪರಿಶೀಲಿಸಿ 2006ರಲ್ಲಿ ಬರೆದಾಗ ಇನ್ನೊಂದು ಸಂಗತಿ ಎದ್ದು ಕಂಡಿತು: ಪಟ್ಟಿಯ ಕೆಳತುದಿಯಲ್ಲಿಯೂ ಸಣ್ಣ ಶಾಲೆಗಳೇ ಹೆಚ್ಚು. ಸಂಖ್ಯೆ ಚಿಕ್ಕದಾದರೆ ಎರಡೂ ತುದಿಗೆ ಜಿಗಿಯುವುದು ಸಹಜ.

ಪರಿಹಾರ ಸರಳ. ಒಂದು ವರ್ಷದ ಬದಲು ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ನೋಡಿ. 60 ಮಕ್ಕಳಿಗೆ ಮೇಲಿನ ಲೆಕ್ಕ ಮಾಡಿದರೆ ಓಲಾಟ 9ರಿಂದ ಸುಮಾರು 5ಕ್ಕೆ ಇಳಿಯುತ್ತದೆ. ಜೊತೆಗೆ ಆಯಾ ವರ್ಷದ ಹವಾಮಾನವನ್ನೂ ನೋಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಅದು ಶೇ. 73.40ಕ್ಕೆ ಇಳಿಯಿತು. ಆ ವರ್ಷ ಒಂದು ಶಾಲೆ ಎಂಟು ಅಂಶ ಇಳಿದಿದ್ದರೆ ಅದು ಹಿಂದೆ ಬಿದ್ದಿತೆನ್ನಲಾಗದು. ಹಾಗೆಯೇ ಶಿವಮೊಗ್ಗ ಜಿಲ್ಲೆ ಆ ವರ್ಷ ರಾಜ್ಯದ ಮೊದಲ ಸಾಲಿನ ಜಿಲ್ಲೆಗಳಲ್ಲಿತ್ತು. ರಾಜ್ಯದ ಸರಾಸರಿಗಿಂತ ಮೇಲಿದ್ದೇವೆ ಎಂದಷ್ಟಕ್ಕೇ ಇಲ್ಲಿನ ಶಾಲೆ ಹಿಗ್ಗುವಂತೆಯೂ ಇಲ್ಲ.

2. ಹೆಸರುಪಟ್ಟಿ ಹಿಡಿದು ನೋಡುವುದು

ಶೇಕಡಾವಾರು ಕೈಕೊಡುವ ಜಾಗದಲ್ಲೇ ಸಣ್ಣ ಶಾಲೆ ನಮಗೆ ಒಂದು ಅನುಕೂಲ ಮಾಡಿಕೊಡುತ್ತದೆ. ಇಲ್ಲಿ ಪ್ರತಿ ಮಗುವನ್ನೂ ಬಿಡಿಯಾಗಿ ಹಿಂಬಾಲಿಸಬಹುದು. ಇನ್ನೂರು ಮಕ್ಕಳಲ್ಲಿ ಇದು ಕಷ್ಟ. ಇಪ್ಪತ್ತು ಮಕ್ಕಳಲ್ಲಿ ಒಂದು ಮಧ್ಯಾಹ್ನದ ಕೆಲಸ.

ಮುಖ್ಯ ಶಿಕ್ಷಕರ ಅನುಮತಿ ಪಡೆದು ದಾಖಲಾತಿ ವಹಿ ತೆರೆಯಿರಿ. ಈಗ ಹತ್ತನೆಯ ತರಗತಿಯಲ್ಲಿರುವ ತಂಡ ಎಂಟಕ್ಕೆ ಸೇರಿದಾಗ ಎಷ್ಟು ಜನ ಇದ್ದರು? ಅವರಲ್ಲಿ ಇಂದು ಎಷ್ಟು ಜನ ಉಳಿದಿದ್ದಾರೆ? ಹೋದವರು ಎಲ್ಲಿಗೆ ಹೋದರು? ವರ್ಗಾವಣೆ ಪತ್ರ ಪಡೆದವರು ಬೇರೆ ಶಾಲೆಗೆ ಸೇರಿದ್ದು ಎಸ್‌ಎಟಿಎಸ್‌ನಲ್ಲಿ ಗೊತ್ತಾಗುತ್ತದೆ. ಎಲ್ಲಿಯೂ ಸೇರದ ಮಗು ಇದ್ದರೆ ಆ ಶಾಲೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ನೂರಕ್ಕೆ ನೂರು ಫಲಿತಾಂಶವನ್ನು ಎರಡು ದಾರಿಯಲ್ಲಿ ತರಬಹುದು. ಸೇರಿದ ಇಪ್ಪತ್ತು ಮಕ್ಕಳನ್ನೂ ದಡ ಮುಟ್ಟಿಸುವುದು ಒಂದು. ಹಿಂದುಳಿದ ನಾಲ್ವರನ್ನು ಒಂಬತ್ತನೆಯ ತರಗತಿಯಲ್ಲೇ ‘ನಿನಗೆ ಇದು ಆಗದು’ ಎಂದು ಮೆಲ್ಲಗೆ ಹೊರಗೆ ದಾಟಿಸಿ, ಹದಿನಾರು ಮಕ್ಕಳನ್ನು ಪಾಸು ಮಾಡಿಸುವುದು ಇನ್ನೊಂದು. ಫಲಿತಾಂಶದ ಫಲಕದಲ್ಲಿ ಎರಡೂ ಒಂದೇ. ದಾಖಲಾತಿ ವಹಿಯಲ್ಲಿ ಬೇರೆ. ಇಪ್ಪತ್ತರಲ್ಲಿ ಇಪ್ಪತ್ತನ್ನೂ ಉಳಿಸಿಕೊಂಡು ಹದಿನಾರನ್ನು ಪಾಸು ಮಾಡಿಸಿ, ಬಿದ್ದ ನಾಲ್ವರನ್ನು ಪರೀಕ್ಷೆ-2ಕ್ಕೆ ಕೂರಿಸಿ ಓದಿಸುವ ಶಾಲೆಯ ಅಂಕಿ ಶೇ. 80. ಆ ಶಾಲೆ ಹೆಚ್ಚು ಒಳ್ಳೆಯದು ಎಂದು ನನ್ನ ತೀರ್ಪು. ನೀವು ಒಪ್ಪದಿದ್ದರೆ ಏಕೆಂದು ಬರೆಯಿರಿ; ಆ ಚರ್ಚೆಯೇ ಈ ಪಾಠದ ತಿರುಳು.

3. ಎಲ್ಲಿಂದ ಎಲ್ಲಿಗೆ?

ಬಂದಾಗ ಮಗು ಎಲ್ಲಿತ್ತು ಎಂದು ತಿಳಿಯದೆ ಎಷ್ಟು ದೂರ ಸಾಗಿತು ಎನ್ನಲಾಗದು. ಇದಕ್ಕೆ ಹೊಸ ಪರೀಕ್ಷೆ ಮಾಡಬೇಕಾಗಿಲ್ಲ. ಜೂನ್ ತಿಂಗಳ ಸೇತುಬಂಧದಲ್ಲಿ ನೈದಾನಿಕ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ ನಡೆದಿರುತ್ತದೆ. ಉತ್ತರ ಪತ್ರಿಕೆಗಳನ್ನು ಕೇಳಿ ನೋಡಿ. ಭಿನ್ನರಾಶಿ ಕೂಡಿಸಲು ಬಾರದೆ ಎಂಟಕ್ಕೆ ಬಂದವನು ಹತ್ತರಲ್ಲಿ ಬೀಜಗಣಿತದ ಸಮೀಕರಣ ಬಿಡಿಸುತ್ತಿದ್ದಾನೆಯೇ? ಕನ್ನಡದ ಒಂದು ಪುಟವನ್ನು ತಡವರಿಸಿ ಓದುತ್ತಿದ್ದವಳು ಈಗ ಸ್ವಂತವಾಗಿ ಅರ್ಧ ಪುಟ ಬರೆಯುತ್ತಾಳೆಯೇ? ಅವಳು ಎಸ್ಸೆಸ್ಸೆಲ್ಸಿಯಲ್ಲಿ ಬರೀ ಪಾಸಾಗಿರಬಹುದು. ಮೊದಲೇ ಚೆನ್ನಾಗಿ ಬಲ್ಲವಳು ಪ್ರಥಮ ಶ್ರೇಣಿ ಪಡೆದದ್ದಕ್ಕಿಂತ ಇದರಲ್ಲಿ ಶಾಲೆಯ ದುಡಿಮೆ ಹೆಚ್ಚು ಇರಬಹುದು.

ಸೇತುಬಂಧದ ಪತ್ರಿಕೆಗಳೆಲ್ಲ ಒಂದೇ ಕೈಬರಹದಂತೆ, ಒಂದೇ ತಪ್ಪಿನೊಂದಿಗೆ ಇದ್ದರೆ ಅದೂ ಒಂದು ಮಾಹಿತಿ. ಆಗ ಕಡತವನ್ನು ಮುಚ್ಚಿಟ್ಟು ತರಗತಿಗೆ ಹೋಗಿ.

4. ತರಗತಿಯಲ್ಲಿ ನೋಡಬೇಕಾದ್ದು

ನಿಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ ಎಲ್ಲವೂ ಇವೆ. ಅವುಗಳ ಜೊತೆಗೆ ಮೂರು ಸಂಗತಿ ಸೇರಿಸಿಕೊಳ್ಳಿ.

ಒಂದು: ಮಗು ತಪ್ಪು ಉತ್ತರ ಕೊಟ್ಟ ಮೇಲೆ ಏನಾಗುತ್ತದೆ? ‘ಕೂತ್ಕೋ’ ಎಂದು ಮುಂದಿನವನನ್ನು ಎಬ್ಬಿಸುವುದೇ, ‘ಹಾಗೆ ಯಾಕೆ ಅನ್ಸ್ತು?’ ಎಂದು ಕೇಳುವುದೇ?

ಎರಡು: ಟಿಪ್ಪಣಿ ಪುಸ್ತಕದ ಕೆಂಪು ಶಾಯಿ. ಪುಟದ ಕೆಳಗೆ ಸಹಿ ಮಾತ್ರ ಇದೆಯೇ, ತಪ್ಪಿನ ಪಕ್ಕದಲ್ಲಿ ಗುರುತು ಇದೆಯೇ, ಮಗು ಅದನ್ನು ತಿದ್ದಿ ಬರೆದಿದೆಯೇ?

ಮೂರು: ಕೊನೆಯ ಬೆಂಚು. ಇಪ್ಪತ್ತು ಮಕ್ಕಳ ತರಗತಿಯಲ್ಲೂ ಒಂದು ಅವಧಿಯಿಡೀ ಯಾರ ಕಣ್ಣಿಗೂ ಬೀಳದ ಮಗು ಇರಬಹುದು. ಇದ್ದರೆ ಸಣ್ಣ ಶಾಲೆ ತನ್ನ ದೊಡ್ಡ ಅನುಕೂಲವನ್ನೇ ಕಳೆದುಕೊಂಡಿದೆ.

ಶಿಕ್ಷಕರನ್ನು ತೂಗುವ ಮೊದಲು ಹುದ್ದೆಗಳನ್ನು ಎಣಿಸಿ. ಮೂರೇ ತರಗತಿಯ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಪಿಸಿಎಂ ಶಿಕ್ಷಕರು. ಅವರು ವರ್ಗವಾಗಿ ಹೋದರೆ ಇಡೀ ಶಾಲೆಯಲ್ಲಿ ಗಣಿತ ನಿಲ್ಲುತ್ತದೆ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರಬಹುದು. ಗಣಿತದ ಅಂಕ ಇಳಿದ ವರ್ಷ ಹಾಜರಿ ವಹಿಯಲ್ಲಿ ಆ ಹುದ್ದೆ ಎಷ್ಟು ದಿನ ಖಾಲಿಯಿತ್ತೆಂದು ನೋಡಿ.

5. ಇದೆಯೇ, ಸಾಕೇ, ಬಳಕೆಯಲ್ಲಿದೆಯೇ?

2015ರಲ್ಲಿ ಬಂದ ‘ಶಾಲಾ ಸಿದ್ಧಿ’ ಚೌಕಟ್ಟಿನಲ್ಲಿ ಏಳು ಕ್ಷೇತ್ರ, ನಲವತ್ತಾರು ಮಾನದಂಡಗಳಿವೆ. ಶಾಲೆ ಮೊದಲು ತನ್ನನ್ನು ತಾನೇ ಅಳೆದುಕೊಳ್ಳಬೇಕು, ಆಮೇಲೆ ಹೊರಗಿನವರು ಅಳೆಯಬೇಕು ಎಂಬುದು ಅದರ ಕ್ರಮ. ನಮಗೆ ತುಂಬ ಉಪಯೋಗವಾಗುವುದು ಮೊದಲ ಕ್ಷೇತ್ರದಲ್ಲಿ ಸಂಪನ್ಮೂಲದ ಬಗ್ಗೆ ಕೇಳುವ ಮೂರು ಮಾತು: ಲಭ್ಯವೇ, ಸಾಲುತ್ತದೆಯೇ, ಬಳಸಲು ಬರುತ್ತದೆಯೇ. ನಮ್ಮ ವರದಿಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ.

‘ಗ್ರಂಥಾಲಯ ಇದೆ’ ಎಂದು ಬರೆಯುವ ಬದಲು ವಿತರಣಾ ವಹಿಯ ಕೊನೆಯ ದಿನಾಂಕ ಬರೆಯಿರಿ. ‘ಪ್ರಯೋಗಾಲಯ ಇದೆ’ ಎನ್ನುವ ಬದಲು ಮಕ್ಕಳು ಸ್ವಂತ ಕೈಯಿಂದ ಮಾಡಿದ ಕೊನೆಯ ಪ್ರಯೋಗ ಯಾವುದೆಂದು ಮಕ್ಕಳನ್ನೇ ಕೇಳಿ. ಶೌಚಾಲಯ ಇದೆ ಎಂದರೆ ಸಾಲದು. ಜುಲೈನಲ್ಲೂ ಮಾರ್ಚಿಯಲ್ಲೂ ನೀರು ಇದೆಯೇ, ಚಿಲಕ ಇದೆಯೇ ಎಂದು ನೋಡಿ.

ಸಮುದಾಯದ ಪಾಲ್ಗೊಳ್ಳುವಿಕೆ ಇನ್ನೊಂದು ಕ್ಷೇತ್ರ. ಹೆಗ್ಗೋಡಿನ ಕಡೆ ಹೋದವರು ‘ನೀನಾಸಂ ಇರುವುದರಿಂದ ಸಾಂಸ್ಕೃತಿಕ ವಾತಾವರಣ ಉತ್ತಮ’ ಎಂದು ಬರೆದು ಮುಗಿಸುವ ಅಪಾಯ ಇದೆ. 1949ರಲ್ಲಿ ಹಳ್ಳಿಯ ಗೆಳೆಯರು ಕಟ್ಟಿದ ಸಂಸ್ಥೆ, 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರ, 1991ರಲ್ಲಿ ಕೆ.ವಿ. ಸುಬ್ಬಣ್ಣ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಎಲ್ಲವೂ ನಿಜ. ಸಣ್ಣ ಊರಿನ ಕೆಲಸವನ್ನು ಊರಿನ ಗಾತ್ರದಿಂದ ಅಳೆಯಬಾರದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆಯೂ ಬೇಡ. ಆದರೆ ಅದು ಶಾಲೆಯ ಗುಣಮಟ್ಟಕ್ಕೆ ಸಾಕ್ಷಿಯಾಗದು. ಕೇಳಬೇಕಾದ್ದು ಬೇರೆ: ಈ ವರ್ಷ ಎಷ್ಟು ಮಕ್ಕಳು ಅಲ್ಲಿ ಒಂದು ನಾಟಕ ನೋಡಿದ್ದಾರೆ? ನೋಡಿ ಬಂದ ಮೇಲೆ ಕನ್ನಡ ತರಗತಿಯಲ್ಲಿ ಅದರ ಬಗ್ಗೆ ಮಾತಾಯಿತೇ, ಬರವಣಿಗೆ ಆಯಿತೇ? ಅಂಥ ಸಂಸ್ಥೆ ಇಲ್ಲದ ಊರಲ್ಲೂ ಇದೇ ಪ್ರಶ್ನೆ ಹೊಂದುತ್ತದೆ. ಯಕ್ಷಗಾನದ ಭಾಗವತರು, ಹಾಲಿನ ಡೇರಿ, ಗ್ರಾಮ ಪಂಚಾಯಿತಿ, ಅಡಿಕೆ ತೋಟ: ಊರಿನಲ್ಲಿರುವುದನ್ನು ಶಾಲೆ ಪಾಠಕ್ಕೆ ತಂದುಕೊಂಡಿದೆಯೇ?

6. ಮಲೆನಾಡಿನ ಪಂಚಾಂಗ

ಹಾಜರಿಯ ವಾರ್ಷಿಕ ಸರಾಸರಿ ಬರೆದುಕೊಂಡು ಬರಬೇಡಿ, ತಿಂಗಳುವಾರು ಬರೆಯಿರಿ. ಜುಲೈ-ಆಗಸ್ಟಿನಲ್ಲಿ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಬರುವುದಿಲ್ಲ. ನವೆಂಬರಿನಿಂದ ಅಡಿಕೆ ಕೊಯ್ಲು. ರಾತ್ರಿ ತಡವಾಗುವವರೆಗೂ ಮನೆಮಂದಿಯೆಲ್ಲ ಸುಲಿಯಲು ಕೂರುವ ಕಾಲ. ತೋಟ ಇದ್ದವರ ಮನೆಯಲ್ಲೂ ಹೌದು, ಕೂಲಿಗೆ ಸುಲಿಯುವವರ ಮನೆಯಲ್ಲಿ ಇನ್ನೂ ಹೌದು. ಹತ್ತನೆಯ ತರಗತಿಯ ಓದು ಬಿರುಸಾಗಬೇಕಾದ ತಿಂಗಳುಗಳೂ ಅವೇ.

ಇಲ್ಲಿ ಗುಣಮಟ್ಟ ಕಾಣುವುದು ಶಾಲೆ ಇದಕ್ಕೆ ಏನು ಮಾಡಿತು ಎಂಬುದರಲ್ಲಿ. ಮಳೆಗೆ ತಪ್ಪಿದ ಪಾಠವನ್ನು ಯಾವಾಗ ತುಂಬಿಕೊಂಡರು? ಸುಗ್ಗಿಯಲ್ಲಿ ಸಂಜೆಯ ವಿಶೇಷ ತರಗತಿಯನ್ನು ಬೆಳಗ್ಗೆಗೆ ಬದಲಿಸಿದರೇ? ಮೂರು ದಿನ ಬಾರದ ಮಗುವಿನ ಮನೆಗೆ ಯಾರಾದರೂ ಹೋದರೇ? ಸಂಜೆ ತರಗತಿ ಇಟ್ಟರೆ ಕೊನೆಯ ಬಸ್ಸು ತಪ್ಪುವ ಮಕ್ಕಳ ಗತಿ ಏನು? ಇವಕ್ಕೆ ಉತ್ತರ ಇರುವ ಶಾಲೆ ಮಕ್ಕಳನ್ನು ಬಲ್ಲ ಶಾಲೆ.

ಅಭ್ಯಾಸ ಕಾರ್ಯ

1. ನಿಮಗೆ ಹಂಚಿಕೆಯಾದ ಶಾಲೆಯ ಒಂದು ತಂಡವನ್ನು ಎಂಟರಿಂದ ಹತ್ತರವರೆಗೆ ಹಿಂಬಾಲಿಸಿ. ಪ್ರತಿ ಮಗುವಿಗೆ ಒಂದು ಸಾಲು: ಸೇರುವಾಗಿನ ಮಟ್ಟ, ತಿಂಗಳುವಾರು ಹಾಜರಿ, ಈಗಿನ ಮಟ್ಟ, ಬಿಟ್ಟಿದ್ದರೆ ಕಾರಣ. ಹೆಸರು ಬರೆಯಬೇಡಿ, ಕ್ರಮಸಂಖ್ಯೆ ಸಾಕು.

2. ಮೂರು ವರ್ಷದ ಫಲಿತಾಂಶ ಒಟ್ಟುಗೂಡಿಸಿ, ಮೇಲಿನ ಸೂತ್ರದಿಂದ ಓಲಾಟ ಲೆಕ್ಕ ಹಾಕಿ. ವರ್ಷದಿಂದ ವರ್ಷಕ್ಕೆ ಕಂಡ ಏರಿಳಿತ ಅದರೊಳಗೇ ಇದೆಯೇ?

3. ‘ಇದೆ’ ಎಂಬ ಪದ ಬಳಸದೆ ಶಾಲೆಯ ಸೌಕರ್ಯಗಳ ಬಗ್ಗೆ ಒಂದು ಪುಟ ಬರೆಯಿರಿ.

4. ವರದಿಯನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಮುಖ್ಯ ಶಿಕ್ಷಕರಿಗೆ ಓದಿ ಹೇಳಿ. ಅವರು ಒಪ್ಪದ ಮಾತನ್ನು ಅಳಿಸಬೇಡಿ. ಅವರ ಉತ್ತರವನ್ನೂ ಪಕ್ಕದಲ್ಲಿ ಬರೆಯಿರಿ.

ಚರ್ಚೆಗೆ

ಇಪ್ಪತ್ತು ಮಕ್ಕಳಿಗೆ ಒಂದು ಪ್ರೌಢಶಾಲೆ ದುಬಾರಿ ಎಂಬ ವಾದಕ್ಕೆ ನಿಮ್ಮ ಅಭ್ಯಾಸ ಕಾರ್ಯದ ಪಟ್ಟಿಯಲ್ಲಿ ಏನು ಉತ್ತರವಿದೆ? ಉತ್ತರ ಬರೆಯುವಾಗ ಆ ಪಟ್ಟಿಯಿಂದ ಒಂದು ಸಾಲನ್ನು ಆರಿಸಿಕೊಳ್ಳಿ. ಆ ಶಾಲೆ ಅಲ್ಲಿ ಇಲ್ಲದಿದ್ದರೆ ಆ ಮಗು ಇವತ್ತು ಎಲ್ಲಿ ಇರುತ್ತಿತ್ತು ಎಂಬುದರಿಂದ ಆರಂಭಿಸಿ.