ಆರ್ಕೇಟಾ ಊರಿನ ಗಾಲಿಮನೆಗಳು

ಬಿಡಾರವೆಂದರೆ ನಮಗೆ ಜಾತ್ರೆಯ ಗುಡಾರವೋ ನಾಟಕ ಕಂಪನಿಯ ಕ್ಯಾಂಪೋ ನೆನಪಾಗುತ್ತದೆ. ಅಮೆರಿಕದವರು ಬಿಡಾರವನ್ನೇ ಗಾಲಿಗಳ ಮೇಲೆ ಕೂರಿಸಿದ್ದಾರೆ. ಒಲೆ, ಹಾಸಿಗೆ, ಶೌಚಾಲಯಗಳೆಲ್ಲ ಇರುವ ಈ ವಾಹನಕ್ಕೆ ಅಲ್ಲಿ ‘ಆರ್.ವಿ.’ ಎನ್ನುವರು, ನಾವು ಗಾಲಿಮನೆ ಎನ್ನೋಣ. ವಿದ್ಯಾರ್ಥಿಗಳಿಂದ ಗಿಜಿಗುಡುವ ಒಂದು ಊರಿನಲ್ಲಿ ಇದರ ಪಾಡೇನೆಂಬುದನ್ನು ಕ್ಯಾಲಿಫೋರ್ನಿಯದ ಆರ್ಕೇಟಾ ಪಟ್ಟಣದ ಉದಾಹರಣೆಯಿಂದ ನೋಡಬಹುದು.

ಆರ್ಕೇಟಾ ಆ ರಾಜ್ಯದ ಉತ್ತರ ಭಾಗದಲ್ಲಿ, ಹಂಬೋಲ್ಟ್ ಕೊಲ್ಲಿಯ ದಂಡೆಯಲ್ಲಿದೆ. ಜನಸಂಖ್ಯೆ ಸುಮಾರು 19,000. 1913ರಲ್ಲಿ ಅಧ್ಯಾಪಕರ ತರಬೇತಿ ಶಾಲೆಯಾಗಿ ಹುಟ್ಟಿದ ಸಂಸ್ಥೆಯೇ 2022ರಲ್ಲಿ ಹಂಬೋಲ್ಟ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯವಾಯಿತು. (ಪಾಲಿಟೆಕ್ನಿಕ್ ಎಂದೊಡನೆ ನಮ್ಮ ಡಿಪ್ಲೊಮಾ ಶಾಲೆಯನ್ನು ನೆನೆಯಬೇಡಿ, ಅಲ್ಲಿ ಸ್ನಾತಕೋತ್ತರ ಪದವಿಯವರೆಗೂ ಓದಬಹುದು.) ಊರಿಗೆ ಕಳೆ ತಂದವರು ವಿದ್ಯಾರ್ಥಿಗಳೇ. ಮೇ ತಿಂಗಳ ಕೊನೆಗೆ ಊರ ಚೌಕದಿಂದ ಒಂದು ವಿಚಿತ್ರ ಪಂದ್ಯ ಹೊರಡುತ್ತದೆ. ಕಾಲಿನಿಂದ ತುಳಿದು ನಡೆಸುವ ಶಿಲ್ಪಗಳು ರಸ್ತೆ, ಮರಳು, ನೀರು ಎಲ್ಲವನ್ನೂ ದಾಟಿ ಮೂರು ದಿನಗಳಲ್ಲಿ ಫರ್ನ್‌ಡೇಲ್ ಸೇರುತ್ತವೆ. 1969ರಲ್ಲಿ ಆರಂಭವಾದ ಹುಚ್ಚು ಇದು.

ಊರಿನಿಂದ ಉತ್ತರಕ್ಕೆ 101ನೆಯ ಹೆದ್ದಾರಿ ಹಿಡಿದರೆ ಸೂ-ಮೆಗ್, ಪ್ರೇರಿ ಕ್ರೀಕ್ ಎಂಬ ಸರ್ಕಾರಿ ಉದ್ಯಾನಗಳು ಸಿಗುತ್ತವೆ. ಕಡಲ ಮಂಜು, 300 ಅಡಿಗೂ ಮೀರಿದ ರೆಡ್‌ವುಡ್ ಮರಗಳು, ಹುಲ್ಲುಗಾವಲಲ್ಲಿ ಮೇಯುವ ಎಲ್ಕ್ ಎಂಬ ಭಾರೀ ಜಿಂಕೆಗಳು! ಆದರೆ ಇಲ್ಲಿನ ಬಿಡಾರದ ಜಾಗಗಳಲ್ಲಿ ಗಾಲಿಮನೆಗೆ ವಿದ್ಯುತ್ತಿನ ಜೋಡಣೆಯಿಲ್ಲ, ಕೊಳಾಯಿಯ ಜೋಡಣೆಯೂ ಇಲ್ಲ. ಹೊತ್ತು ತಂದುದರಲ್ಲೇ ಬಾಳಬೇಕು. ಗಾಲಿಮನೆಯಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ: ಶುದ್ಧ ನೀರಿಗೊಂದು, ಸ್ನಾನ ಮತ್ತು ಪಾತ್ರೆ ತೊಳೆದ ‘ಬೂದುನೀರಿ’ಗೊಂದು, ಶೌಚದ ‘ಕರಿನೀರಿ’ಗೊಂದು. ನಮಗೆ ಕರಿನೀರೆಂದರೆ ಅಂಡಮಾನಿನ ಶಿಕ್ಷೆ. ಅವರಿಗೂ ತೊಟ್ಟಿ ತುಂಬಿದ ದಿನ ಅದು ಶಿಕ್ಷೆಯೇ. ಅದನ್ನು ಗೊತ್ತುಮಾಡಿದ ಸ್ಥಳದಲ್ಲಿ ಮಾತ್ರ ಖಾಲಿ ಮಾಡಬೇಕು. ಖಾಸಗಿ ತಂಗುದಾಣಗಳಲ್ಲಿ ಜೋಡಣೆ ದೊರೆಯುವುದು ನಿಜ, ಬಾಡಿಗೆ ತೆತ್ತರೆ.

ಇಷ್ಟು ಪ್ರವಾಸಿಯ ಮಾತಾಯಿತು. ಆರ್ಕೇಟಾದ ಕೆಲವು ವಿದ್ಯಾರ್ಥಿಗಳಿಗೆ ಗಾಲಿಮನೆ ವಿಹಾರವಲ್ಲ, ಹಾಸ್ಟೆಲ್ ಕೊಠಡಿ. ಮನೆ ಬಾಡಿಗೆ ಭರಿಸಲಾರದೆ ಅವರು ವಿಶ್ವವಿದ್ಯಾಲಯದ ವಾಹನ ನಿಲ್ದಾಣದಲ್ಲೇ ವಾಸವಾಗಿದ್ದರು. ತಮ್ಮದೇ ಸಂಘವನ್ನೂ ಕಟ್ಟಿಕೊಂಡಿದ್ದರು. 2023ರ ಅಕ್ಟೋಬರ್ ಕೊನೆಯಲ್ಲಿ, ಶಿಕ್ಷಣ ವರ್ಷದ ನಡುವೆಯೇ, ನವೆಂಬರಿನೊಳಗೆ ಜಾಗ ಬಿಡಬೇಕೆಂಬ ಆಜ್ಞೆ ಬಂತು. ಆಡಳಿತ ಹೇಳಿದ ಕಾರಣಗಳು ನೈರ್ಮಲ್ಯ ಮತ್ತು ಸುರಕ್ಷತೆ.

ಆ ಕಾರಣ ಸುಳ್ಳಲ್ಲ. ಕರಿನೀರಿನ ತೊಟ್ಟಿ ಎಲ್ಲೋ ಒಂದೆಡೆ ಖಾಲಿಯಾಗಲೇಬೇಕಷ್ಟೆ. ಆದರೆ ಕೊಳಚೆಯ ವಿಷಯದಲ್ಲಿ ಆರ್ಕೇಟಾ ಲೋಕಕ್ಕೇ ಪಾಠ ಹೇಳಿದ ಊರು. ದುಬಾರಿ ಕೊಳಚೆ ಕಾರ್ಖಾನೆಯ ಯೋಜನೆಯನ್ನು ಒಲ್ಲದೆ, 1980ರ ದಶಕದಲ್ಲಿ ಅದು ಜೊಂಡು ಬೆಳೆದ ಜೌಗಿನ ಮೂಲಕವೇ ತನ್ನ ಹೊಲಸು ನೀರನ್ನು ತಿಳಿಗೊಳಿಸತೊಡಗಿತು. ಜೊಂಡಿನ ಬೇರು ಕಾಂಡಗಳಿಗಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಇಂದು ಅಲ್ಲಿ ಹಕ್ಕಿ ನೋಡುವವರು ಅಡ್ಡಾಡುತ್ತಾರೆ. ಆ ಕೆಲಸಕ್ಕೆ ವಿದ್ಯೆ ಒದಗಿಸಿದವರಲ್ಲಿ ಇದೇ ಸಂಸ್ಥೆಯ ಮತ್ಸ್ಯಶಾಸ್ತ್ರದ ಅಧ್ಯಾಪಕ ಜಾರ್ಜ್ ಆಲನ್ ಒಬ್ಬರು. ಇಡೀ ಊರಿನ ಕೊಳಚೆಗೆ ದಾರಿ ಕಂಡ ವಿದ್ಯಾಸಂಸ್ಥೆಗೆ ತನ್ನದೇ ಮಕ್ಕಳ ಕೆಲವು ತೊಟ್ಟಿಗಳು ಬಿಡಿಸಲಾಗದ ಒಗಟಾದುವೆಂದರೆ ನಂಬುವುದು ಕಷ್ಟ. ಅದೇ ರಾಜ್ಯದ ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲೇ, ಕಾರಿನಲ್ಲಿ ಮಲಗುವ ತನ್ನ ವಿದ್ಯಾರ್ಥಿಗಳಿಗೆ ರಾತ್ರಿ ಕಾವಲಿರುವ ನಿಲ್ದಾಣವನ್ನು ತೆರೆದು, ಶೌಚಾಲಯ, ಸ್ನಾನದ ಸೌಕರ್ಯಗಳನ್ನೂ ಒದಗಿಸಿತ್ತು.